ಹೊತ್ತು ಸಾಗುವ ಲಂಗರು



ಲಂಗರು ಎಂಬ ಪದ ಕಿವಿಗೆ ಬಿದ್ದೊಡನೆ ನಮ್ಮ ಕಣ್ಮುಂದೆ ಮೂಡುವ ಚಿತ್ರ ಯಾವುದು? ನೀರಿನ ತಳದಲ್ಲಿ ಹೂತುಕೊಂಡು, ಮೇಲೆ ಬೀಸುವ ಬಿರುಗಾಳಿಯಲ್ಲಿಯೂ ನೌಕೆಯನ್ನು ಕದಲಗೊಡದೆ ಹಿಡಿದಿರುವ ಕಬ್ಬಿಣದ ಕೊಕ್ಕೆಯ ಚಿತ್ರ. ಹಿಬ್ರಿಯರಿಗೆ ಬರೆದ ಪತ್ರದ ಆರನೆಯ ಅಧ್ಯಾಯವು ನಿರೀಕ್ಷೆಯನ್ನು ಆತ್ಮದ ಲಂಗರಿಗೆ ಹೋಲಿಸುತ್ತದೆ. ರೋಮ್ ನಗರದ ನೆಲದಡಿಯ ಸಮಾಧಿಗಳಲ್ಲಿ, ವಿಶೇಷವಾಗಿ ಪ್ರಿಸಿಲ್ಲಾ ಎಂಬ ಹೆಸರಿನ ಸಮಾಧಿಸ್ಥಳದಲ್ಲಿ, ಆದಿ ಕ್ರೈಸ್ತರು ತಮ್ಮ ಮೃತರ ಕಲ್ಲುಗಳ ಮೇಲೆ ಲಂಗರನ್ನು ಕೆತ್ತಿದ್ದಾರೆ. ಅಂದಿನಿಂದ ಇಂದಿನವರೆಗೆ ಲಂಗರು ಎಂದರೆ ಅಚಲತೆ, ಲಂಗರು ಎಂದರೆ ಭರವಸೆ.

ಆದರೆ ನಾವು ಗಮನಿಸದ ಒಂದು ಸಂಗತಿ ಇದೆ. ದೋಣಿ ನಿಂತಾಗ ಮಾತ್ರ ಲಂಗರು ನೀರಿನಲ್ಲಿರುತ್ತದೆ. ದೋಣಿ ಸಾಗುತ್ತಿರುವಷ್ಟು ಕಾಲವೂ ಅದು ದೋಣಿಯ ಮೇಲೆಯೇ ಇರುತ್ತದೆ. ದೋಣಿಯನ್ನು ಕಟ್ಟಿದ್ದು ನಿಲ್ಲುವುದಕ್ಕಲ್ಲ, ಸಾಗುವುದಕ್ಕೆ. ಹಾಗಾದರೆ ಪಯಣದ ಉದ್ದಕ್ಕೂ ಈ ಭಾರವಾದ, ಚೂಪಾದ ಕಬ್ಬಿಣವನ್ನು ಎಲ್ಲಿ ಇಡಬೇಕು, ಹೇಗೆ ಕಟ್ಟಬೇಕು? ಇದು ನಾವಿಕನ ಪ್ರಶ್ನೆ. ಇದೇ ಪ್ರಶ್ನೆಯನ್ನು ನಮ್ಮ ಬದುಕಿಗೂ ಕೇಳಿಕೊಳ್ಳಬೇಕಾಗಿದೆ: ಬದುಕು ಸಾಗುತ್ತಿರುವಾಗ, ಊರು ಬದಲಾಗುತ್ತಿರುವಾಗ, ಮಕ್ಕಳು ಬೆಳೆಯುತ್ತಿರುವಾಗ, ನಮ್ಮ ನಿಷ್ಠೆಗಳನ್ನು ನಾವು ಹೊತ್ತು ಸಾಗಬೇಕಾದ ರೀತಿ ಯಾವುದು?

ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ, ಅದರಲ್ಲಿಯೂ ಹೆಬ್ಬಾಳ, ಯಲಹಂಕ, ಯಶವಂತಪುರ, ಆರ್.ಟಿ. ನಗರಗಳಲ್ಲಿ ವಾಸಿಸುವ ನಮಗೆ ಹಾಯಿದೋಣಿಯ ಮಾತೇಕೆ ಎಂದು ನೀವು ಕೇಳಬಹುದು. ಸಮುದ್ರವಿಲ್ಲದ ಈ ನಗರಕ್ಕೂ ಹಾಯಿಗೂ ನಂಟಿದೆ. ಹಲಸೂರು ಕೆರೆಯಲ್ಲಿ ಮದ್ರಾಸ್ ಎಂಜಿನಿಯರ್ ಗ್ರೂಪಿನ ಸೈನಿಕರು ಹಾಯಿದೋಣಿ ನಡೆಸುವುದನ್ನು ಕಲಿಯುತ್ತಾರೆ. ಅವರು ಸೇರಿರುವ ಭಾರತೀಯ ಸೇನೆಯ ಎಂಜಿನಿಯರುಗಳ ದಳದ ಅಧಿಕಾರಿಗಳೇ ‘ತೃಷ್ಣಾ’ ಎಂಬ ಪುಟ್ಟ ಹಾಯಿನೌಕೆಯಲ್ಲಿ 1985ರ ಸೆಪ್ಟೆಂಬರಿನಲ್ಲಿ ಮುಂಬಯಿಯಿಂದ ಹೊರಟು, ಭೂಮಂಡಲವನ್ನು ಸುತ್ತಿ, 1987ರ ಜನವರಿಯಲ್ಲಿ ಮರಳಿ ಬಂದರು. ಆ ನೌಕೆಯ ಉದ್ದ ಕೇವಲ 37 ಅಡಿ. ನಮ್ಮ ಬಡಾವಣೆಗಳ 30 ಅಡಿ ಅಗಲ, 40 ಅಡಿ ಉದ್ದದ ನಿವೇಶನದೊಳಗೆ ಅದು ಹಿಡಿಸುತ್ತದೆ!

ಅದಕ್ಕಿಂತ ಮುಖ್ಯವಾಗಿ, ನಾವೇ ಪಯಣಿಗರು. ನಮ್ಮ ಧರ್ಮಕೇಂದ್ರಗಳ ಕುಟುಂಬಗಳಲ್ಲಿ ಎಷ್ಟು ಮಂದಿ ಈ ಮಣ್ಣಿನಲ್ಲಿಯೇ ಹುಟ್ಟಿದವರು? ಒಬ್ಬರು ಮಂಗಳೂರಿನ ಕಡೆಯಿಂದ ಬಂದವರು, ಇನ್ನೊಬ್ಬರು ಕೋಲಾರದ ಚಿನ್ನದ ಗಣಿಯ ಊರಿನವರು, ಮತ್ತೊಬ್ಬರ ಹಿರಿಯರು ಹಾಸನ, ಚಿಕ್ಕಮಗಳೂರುಗಳ ಕಾಫಿ ತೋಟಗಳಲ್ಲಿ ದುಡಿದವರು. ದೇವನಹಳ್ಳಿಯ ವಿಮಾನ ನಿಲ್ದಾಣ 2008ರಲ್ಲಿ ಆರಂಭವಾದಂದಿನಿಂದ ಹೆಬ್ಬಾಳದ ಮೇಲ್ಸೇತುವೆಯನ್ನು ದಾಟಿ ಎಷ್ಟು ತಂದೆತಾಯಿಗಳು ತಮ್ಮ ಮಕ್ಕಳನ್ನು ಬೀಳ್ಕೊಟ್ಟಿದ್ದಾರೆ! ನಿಂತ ನೆಲದ ನೀತಿಯನ್ನು ನಮ್ಮ ಹಿರಿಯರು ನಮಗೆ ಕಲಿಸಿದರು. ಸಾಗುವವರ ನೀತಿಯನ್ನು ನಾವೇ ಕಂಡುಕೊಳ್ಳಬೇಕಾಗಿದೆ.

ಆದುದರಿಂದ ಮೊದಲು ನಾವಿಕರ ಪದ್ಧತಿಯನ್ನು ನೋಡೋಣ. ಎಂಟೊಂಬತ್ತು ಮೀಟರ್ ಉದ್ದದ ಹಾಯಿದೋಣಿಯೊಂದು ಸುಮಾರು 10 ಕಿಲೋ ತೂಕದ ಲಂಗರನ್ನು ಹೊತ್ತಿರುತ್ತದೆ. ಅದರ ಸ್ಥಾನ ದೋಣಿಯ ಮುಂತುದಿ. ಇದಕ್ಕೆ ಕಾರಣವಿದೆ. ಮುಂತುದಿಯಿಂದ ಲಂಗರು ಇಳಿಸಿದರೆ ದೋಣಿ ತಾನಾಗಿಯೇ ತಿರುಗಿ ಗಾಳಿಗೆ ಮುಖಮಾಡಿ ನಿಲ್ಲುತ್ತದೆ, ಅದರ ಚೂಪಾದ ಮುಂಭಾಗ ಅಲೆಯನ್ನು ಸೀಳುತ್ತದೆ. ಹಿಂತುದಿಯಿಂದ ಕಟ್ಟಿದರೆ ಅಗಲವಾದ, ತಗ್ಗಾದ ಹಿಂಭಾಗಕ್ಕೆ ಅಲೆಗಳು ಬಡಿದು ನೀರು ಒಳನುಗ್ಗಿ ಸಣ್ಣ ದೋಣಿ ಮುಳುಗಿಯೇ ಹೋಗಬಹುದು. ಕಷ್ಟಕ್ಕೆ ಬೆನ್ನು ತೋರಿಸದೆ ಮುಖಮಾಡಿ ನಿಲ್ಲಬೇಕೆಂಬ ಪಾಠವನ್ನು ಲಂಗರಿನ ಸ್ಥಾನವೇ ಹೇಳುತ್ತದೆ.

ಪಯಣದ ವೇಳೆಯಲ್ಲಿ ಆ ಲಂಗರನ್ನು ಮುಂತುದಿಯ ಉರುಳೆಯ ಮೇಲೆ ಮಲಗಿಸಿ, ಅಡ್ಡಲಾಗಿ ಒಂದು ಲೋಹದ ಸಲಾಕೆಯನ್ನು ತೂರಿಸಿ, ಸಾಲದೆಂಬಂತೆ ಹಗ್ಗದಿಂದಲೂ ಬಿಗಿಯುತ್ತಾರೆ. ಅದಕ್ಕೆ ಜೋಡಿಸಿದ ಸರಪಣಿ ಮತ್ತು ಹಗ್ಗವನ್ನು ದೋಣಿಯೊಳಗಿನ ಪೆಟ್ಟಿಗೆಯಲ್ಲಿ ಸಿಕ್ಕಾಗದಂತೆ ಸುತ್ತಿಡುತ್ತಾರೆ. ಹಗ್ಗದ ಕೊನೆಯ ತುದಿಯನ್ನು ದೋಣಿಯ ಗಟ್ಟಿಯಾದ ಒಂದು ಭಾಗಕ್ಕೆ ಕಟ್ಟಿರುತ್ತಾರೆ. ನೋಡುವುದಕ್ಕೆ ಇದೊಂದು ಸಣ್ಣ ಕೆಲಸ. ಆದರೆ ಇದರಲ್ಲಿ ಮೂರು ಬಗೆಯ ತಪ್ಪುಗಳಾಗಬಹುದು. ಆ ಮೂರೂ ನಮ್ಮ ಮನೆಗಳಲ್ಲಿಯೂ ನಡೆಯುವ ತಪ್ಪುಗಳೇ.

ಮೊದಲನೆಯದು, ಲಂಗರನ್ನು ಸಡಿಲವಾಗಿ ಬಿಡುವುದು. ಅಲೆಯೇರಿದಾಗ ದೋಣಿಯ ಮುಂತುದಿ ಮೇಲಕ್ಕೆ ಚಿಮ್ಮಿ ಕೆಳಕ್ಕೆ ಅಪ್ಪಳಿಸುತ್ತದೆ. ಸಡಿಲವಾದ ಲಂಗರು ಆಗ ತೂಗಾಡಿ ಸುತ್ತಿಗೆಯಂತೆ ಬಡಿಯತೊಡಗುತ್ತದೆ. ಅದು ಬಡಿಯುವುದು ಬೇರೆ ಯಾರ ದೋಣಿಗೂ ಅಲ್ಲ, ತನ್ನನ್ನು ಹೊತ್ತ ದೋಣಿಗೇ! ರಕ್ಷಣೆಗೆಂದು ತಂದ ವಸ್ತುವೇ ಒಡಲನ್ನು ಬಿರಿಯುವಂತೆ ಮಾಡುತ್ತದೆ.

ಒಂದು ಕುಟುಂಬವನ್ನು ಊಹಿಸಿಕೊಳ್ಳಿ. ತಂದೆ ಮೂವತ್ತು ವರ್ಷ ಕಾರ್ಖಾನೆಯೊಂದರಲ್ಲಿ ದುಡಿದು ನಿವೃತ್ತರಾದವರು. ಒಂದು ಪೈಸೆಯನ್ನೂ ಅನ್ಯಾಯವಾಗಿ ಮುಟ್ಟದವರು. ಅವರ ಪ್ರಾಮಾಣಿಕತೆ ನಿಜವಾದದ್ದು, ಗೌರವಕ್ಕೆ ಅರ್ಹವಾದದ್ದು. ಆದರೆ ಊಟಕ್ಕೆ ಕುಳಿತಾಗಲೆಲ್ಲ ಅದು ತೂಗಾಡುತ್ತದೆ. ಮಗ ಹೊಸ ಬೈಕು ಕೊಂಡರೆ, ‘ನಾವು ಸಾಲ ಮಾಡಿದವರಲ್ಲ’. ಮಗ ಕೆಲಸ ಬದಲಿಸಿದರೆ, ‘ನಾವು ಒಂದೇ ಕಡೆ ನಿಯತ್ತಿನಿಂದ ಇದ್ದೆವು’. ಮಗನ ಸ್ನೇಹಿತನ ಹೆಸರು ಬಂದರೆ, ‘ಅವನಪ್ಪ ಎಂಥವನೆಂದು ನನಗೆ ಗೊತ್ತು’. ಮಾತುಗಳಲ್ಲಿ ಸುಳ್ಳಿಲ್ಲ. ಆದರೂ ಪ್ರತಿಯೊಂದು ಪೆಟ್ಟಿಗೂ ಒಡಲಿನಲ್ಲಿ ಒಂದೊಂದು ಬಿರುಕು ಮೂಡುತ್ತದೆ. ಕ್ರಮೇಣ ಮಗ ಮಾತು ಕಡಿಮೆ ಮಾಡುತ್ತಾನೆ.

ಹೀಗಿರುವಾಗ ಒಂದು ದಿನ ಕಚೇರಿಯಲ್ಲಿ ಮೇಲಧಿಕಾರಿಯು ಅವನ ಮುಂದೆ ಸುಳ್ಳು ಲೆಕ್ಕದ ಕಾಗದವನ್ನಿಟ್ಟು ಸಹಿ ಮಾಡೆನ್ನುತ್ತಾನೆ. ಸಹಿ ಮಾಡದಿದ್ದರೆ ಕೆಲಸ ಹೋಗುತ್ತದೆ. ಮನೆಯ ಕಂತು ಕಟ್ಟಬೇಕು, ಮಗುವಿನ ಶಾಲೆಯ ಶುಲ್ಕ ಕಟ್ಟಬೇಕು. ಆ ರಾತ್ರಿ ಅವನಿಗೆ ಯಾರ ಅಗತ್ಯವಿತ್ತು? ಮೂವತ್ತು ವರ್ಷ ಅಂಥ ಕಾಗದಗಳಿಗೆ ಸಹಿ ಹಾಕದೆ ಬದುಕಿದ ಒಬ್ಬ ಮನುಷ್ಯನ ಅಗತ್ಯವಿತ್ತು. ಆ ಮನುಷ್ಯ ಪಕ್ಕದ ಕೋಣೆಯಲ್ಲಿಯೇ ಮಲಗಿದ್ದಾರೆ. ಆದರೆ ಮಗ ಬಾಗಿಲು ತಟ್ಟುವುದಿಲ್ಲ. ‘ಅಪ್ಪಾ, ಏನು ಮಾಡಲಿ?’ ಎಂದು ಕೇಳಿದರೆ ಸಿಗುವುದು ಆಸರೆಯಲ್ಲ, ಇನ್ನೊಂದು ಪೆಟ್ಟು ಎಂದು ಅವನು ತಿಳಿದಿದ್ದಾನೆ. ಲಂಗರು ಇತ್ತು. ಆದರೆ ಬೇಕಾದ ಹೊತ್ತಿಗೆ ಅದು ನೀರಿಗಿಳಿಯಲಿಲ್ಲ. ನಿಷ್ಠೆಯ ಕೊರತೆಯಿಂದ ಅಲ್ಲ, ನಿಷ್ಠೆಯನ್ನು ಕಟ್ಟಿಡದ ಕೊರತೆಯಿಂದ ಆ ಮನೆ ಸೋತಿತು.

ಎರಡನೆಯ ತಪ್ಪು ಇದಕ್ಕೆ ವಿರುದ್ಧವಾದದ್ದು. ಲಂಗರನ್ನು ಎಷ್ಟು ಬಿಗಿಯಾಗಿ ಕಟ್ಟಿ ಮರೆತುಬಿಡುತ್ತಾರೆಂದರೆ, ಉಪ್ಪುನೀರಿಗೆ ಸಲಾಕೆ ತುಕ್ಕು ಹಿಡಿದು, ಗಂಟು ಕಲ್ಲಿನಂತಾಗಿ, ದೋಣಿ ಬಂಡೆಯತ್ತ ಜಾರುತ್ತಿರುವಾಗ ಬಿಚ್ಚಲು ಹೋದರೆ ಬೆರಳು ನೋಯುತ್ತದೆಯೇ ಹೊರತು ಗಂಟು ಸಡಿಲುವುದಿಲ್ಲ. ಒಳ್ಳೆಯ ನಾವಿಕ ಯಾತ್ರೆಗೆ ಮೊದಲು ಆ ಸಲಾಕೆಯನ್ನು ಒಮ್ಮೆ ಎಳೆದು ನೋಡುತ್ತಾನೆ. ನಮ್ಮ ಮನೆಗಳ ಗೋಡೆಯ ಮೇಲೆ ಪವಿತ್ರ ಚಿತ್ರಗಳಿವೆ, ಕಪಾಟಿನಲ್ಲಿ ಪವಿತ್ರ ಗ್ರಂಥವಿದೆ, ನಮ್ಮ ಮಾತಿನಲ್ಲಿ ನ್ಯಾಯ, ಸತ್ಯ, ಪ್ರೀತಿ ಎಂಬ ಪದಗಳಿವೆ. ಆದರೆ ನಿವೇಶನದ ಕಾಗದ ಮಾಡಿಸಲು ಯಾರೋ ಕೈಚಾಚಿದಾಗ ‘ಎಲ್ಲರೂ ಕೊಡುತ್ತಾರೆ, ನಾವೇನು ಮಾಡುವುದು’ ಎನ್ನುತ್ತೇವೆ. ಬಾಡಿಗೆ ಮನೆ ಕೇಳಿಕೊಂಡು ಬಂದವರ ಜಾತಿ, ಭಾಷೆ ವಿಚಾರಿಸಿ ಬಾಗಿಲು ಹಾಕಿಕೊಳ್ಳುತ್ತೇವೆ. ಮನೆಗೆಲಸದಾಕೆ ಎರಡು ದಿನ ಜ್ವರದಿಂದ ಮಲಗಿದರೆ ಸಂಬಳದಲ್ಲಿ ಹಿಡಿದುಕೊಳ್ಳುತ್ತೇವೆ. ಲಂಗರು ಹೊಳೆಯುತ್ತಿದೆ, ದೋಣಿಗೆ ಅಲಂಕಾರವಾಗಿದೆ. ಅದನ್ನು ಇಳಿಸುವ ಅಭ್ಯಾಸ ಮಾತ್ರ ಎಂದೋ ತಪ್ಪಿಹೋಗಿದೆ.

ಮೂರನೆಯ ತಪ್ಪು ಕಣ್ಣಿಗೆ ಕಾಣದ್ದು. ಲಂಗರು ಸರಿಯಾಗಿದೆ, ಸರಪಣಿ ಗಟ್ಟಿಯಾಗಿದೆ, ಆದರೆ ಹಗ್ಗದ ಒಳತುದಿಯನ್ನು ದೋಣಿಗೆ ಕಟ್ಟುವುದನ್ನೇ ಮರೆತಿದ್ದಾರೆ. ಲಂಗರನ್ನು ಇಳಿಸಿದೊಡನೆ ಹಗ್ಗ ಸರಸರನೆ ಓಡಿ, ಕೊನೆಯ ತುದಿಯೂ ನೀರಿಗೆ ಜಾರಿ, ಎಲ್ಲವೂ ತಳ ಸೇರುತ್ತದೆ. ದೋಣಿ ಮಾತ್ರ ಗಾಳಿಯ ಪಾಲು. ನಾವು ಮಕ್ಕಳಿಗೆ ಕಲಿಸುವ ಅನೇಕ ಸಂಗತಿಗಳು ಹೀಗೆಯೇ ಅಲ್ಲವೇ? ಜಪಗಳನ್ನು ಬಾಯಿಪಾಠ ಮಾಡಿಸುತ್ತೇವೆ, ಆಜ್ಞೆಗಳನ್ನು ಹೇಳಿಸುತ್ತೇವೆ, ನಿಯಮಗಳ ಉದ್ದನೆಯ ಹಗ್ಗವನ್ನೇ ಸುತ್ತಿ ಕೊಡುತ್ತೇವೆ. ಆದರೆ ಅದರ ಒಳತುದಿ ಮಗುವಿನ ಸ್ವಂತ ಅನುಭವಕ್ಕೆ, ಸ್ವಂತ ವಿವೇಕಕ್ಕೆ, ನಾವು ಬದುಕಿ ತೋರಿಸಿದ ಒಂದಾದರೂ ಘಟನೆಗೆ ಕಟ್ಟಿದೆಯೇ? ಕಟ್ಟಿಲ್ಲವಾದರೆ, ದೂರದ ನಗರದ ಒಂಟಿ ಕೋಣೆಯಲ್ಲಿ ಮೊದಲ ಬಿರುಗಾಳಿ ಬಂದ ದಿನವೇ ಕಲಿತದ್ದೆಲ್ಲವೂ ಒಮ್ಮೆಗೇ ಜಾರಿಹೋಗುತ್ತದೆ. ಆಗ ನಾವು ‘ಇಷ್ಟೆಲ್ಲ ಕಲಿಸಿದೆವಲ್ಲ’ ಎಂದು ಮರುಗುತ್ತೇವೆ. ಕಲಿಸಿದ್ದು ನಿಜ, ಕಟ್ಟಲಿಲ್ಲ.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಬೇಕು. ನಮ್ಮ ಯುವಕ ಯುವತಿಯರು ಕೇಳಬಹುದು: ಇಷ್ಟೆಲ್ಲ ಅಪಾಯವಿರುವ ಭಾರವನ್ನು ಹೊರುವುದೇ ಏಕೆ? ಲಂಗರಿಲ್ಲದ ದೋಣಿ ಹಗುರವಾಗಿ ಓಡುತ್ತದೆಯಲ್ಲವೇ? ಈ ಮಾತನ್ನು ನಾವು ತಳ್ಳಿಹಾಕಬಾರದು, ಏಕೆಂದರೆ ಅದರಲ್ಲಿ ಸತ್ಯಾಂಶವಿದೆ. ಮುಂತುದಿಯ ಮೇಲಿನ ಭಾರ ಸಣ್ಣ ಹಾಯಿದೋಣಿಯ ಓಟವನ್ನು ಕೆಡಿಸುತ್ತದೆ ಎಂದು ನಾವಿಕರೇ ಒಪ್ಪುತ್ತಾರೆ. ವಾರಗಟ್ಟಲೆ ನೆಲ ಕಾಣದ ಮಹಾಸಾಗರದ ಯಾನದಲ್ಲಿ ಅನೇಕರು ಲಂಗರನ್ನು ಮುಂತುದಿಯಿಂದ ತೆಗೆದು ದೋಣಿಯ ಒಡಲೊಳಗೆ, ತಗ್ಗಿನಲ್ಲಿ, ಭದ್ರವಾಗಿ ಕಟ್ಟಿಡುವುದುಂಟು. ಎಲ್ಲ ಕಾಲದಲ್ಲಿಯೂ ನಿಷ್ಠೆಯನ್ನು ಎಲ್ಲರಿಗೂ ಕಾಣುವಂತೆ ಮುಂದಿಟ್ಟುಕೊಂಡೇ ಸಾಗಬೇಕೆಂಬ ನಿಯಮವಿಲ್ಲ. ಅದು ಒಡಲೊಳಗೆ ಮೌನವಾಗಿ ಇರುವ ಕಾಲವೂ ಉಂಟು. ಆದರೆ ಯಾವ ನಾವಿಕನೂ ಅದನ್ನು ಸಮುದ್ರಕ್ಕೆ ಎಸೆದು ಹಗುರಾಗುವುದಿಲ್ಲ. ದಡ ಸಮೀಪಿಸುವ ಮೊದಲು ಅದನ್ನು ಮತ್ತೆ ಮುಂತುದಿಗೆ ತರುತ್ತಾನೆ. ಏಕೆಂದರೆ ಸಣ್ಣ ದೋಣಿಗೆ ಬಂಡೆಗಳು ಎದುರಾಗುವುದು ನಡುಗಡಲಿನಲ್ಲಿ ಅಲ್ಲ, ದಡದ ಹತ್ತಿರ.

ಇನ್ನೂ ಒಂದು ಮಾತು. ಲಂಗರು ಹಿಡಿಯುವುದು ತನ್ನ ತೂಕದಿಂದ ಎಂದು ನಾವು ಭಾವಿಸುತ್ತೇವೆ. ಅದು ಪೂರ್ಣ ಸತ್ಯವಲ್ಲ. ಕೇಂಬ್ರಿಜ್‌ನ ಭೌತವಿಜ್ಞಾನಿ ಜಿ.ಐ. ಟೇಲರ್ ಅವರು ಸಣ್ಣ ದೋಣಿಗಳಿಗೆಂದು 1933ರಲ್ಲಿ ಒಂದು ಹೊಸ ಲಂಗರನ್ನು ರೂಪಿಸಿದರು. ಅದರ ಆಕಾರ ನಮ್ಮ ರೈತರಿಗೆ ಪರಿಚಿತವಾದ ನೇಗಿಲಿನದು. ಎಳೆದಷ್ಟೂ ಅದು ನೆಲವನ್ನು ಉತ್ತು ಆಳಕ್ಕಿಳಿಯುತ್ತದೆ. ಆದ್ದರಿಂದ ಹಗುರವಾಗಿದ್ದೂ ಬಲವಾಗಿ ಹಿಡಿಯುತ್ತದೆ. ಮನೆಯೊಂದಕ್ಕೆ ನೂರು ಕಟ್ಟಳೆಗಳ ಭಾರ ಬೇಕಿಲ್ಲ. ಸುಳ್ಳು ಹೇಳಬಾರದು, ದುರ್ಬಲರನ್ನು ತುಳಿಯಬಾರದು, ಕೊಟ್ಟ ಮಾತನ್ನು ತಪ್ಪಬಾರದು ಎಂಬಂಥ ನಾಲ್ಕಾರು ನಿಷ್ಠೆಗಳು ಸಾಕು, ಅವು ಆಳಕ್ಕಿಳಿಯುವಂಥವಾಗಿರಬೇಕು ಅಷ್ಟೆ. ನಾವು ಹೊರುವ ಭಾರದಲ್ಲಿ ಎಷ್ಟು ಲಂಗರಿನದು, ಎಷ್ಟು ಬರಿಯ ಪ್ರತಿಷ್ಠೆಯದು ಎಂದು ಬೇರ್ಪಡಿಸಿ ನೋಡುವುದು ಹಿರಿಯರ ಕರ್ತವ್ಯ.

ಅಂತೆಯೇ, ಲಂಗರು ಇಳಿಸುವಾಗ ನಾವಿಕರು ನೀರಿನ ಆಳದ ಐದರಿಂದ ಏಳು ಪಟ್ಟು ಉದ್ದದ ಹಗ್ಗವನ್ನು ಬಿಡುತ್ತಾರೆ. 5 ಮೀಟರ್ ಆಳವಿದ್ದರೆ 25ರಿಂದ 35 ಮೀಟರ್ ಹಗ್ಗ. ಹಗ್ಗ ಗಿಡ್ಡವಾದರೆ ದೋಣಿಯ ಎಳೆತ ಮೇಲ್ಮುಖವಾಗಿ ಲಂಗರನ್ನು ನೆಲದಿಂದ ಕಿತ್ತುಬಿಡುತ್ತದೆ. ಹಗ್ಗ ಉದ್ದವಾಗಿದ್ದರೆ ಎಳೆತ ನೆಲಕ್ಕೆ ಸಮನಾಗಿ, ಲಂಗರು ಇನ್ನಷ್ಟು ಆಳಕ್ಕಿಳಿಯುತ್ತದೆ. ಮಕ್ಕಳನ್ನು ಗಿಡ್ಡ ಹಗ್ಗದಲ್ಲಿ ಹಿಡಿಯಬಯಸುವ ತಂದೆತಾಯಿಗಳು ಇದನ್ನು ಆಲೋಚಿಸಬೇಕು. ದಿನಕ್ಕೆ ಹತ್ತು ಬಾರಿ ಫೋನು ಮಾಡಿ ಎಲ್ಲಿದ್ದೀಯೆಂದು ಕೇಳುವುದರಿಂದ ಹಿಡಿತ ಹೆಚ್ಚುವುದಿಲ್ಲ, ಬೇರೇ ಕಿತ್ತುಬರುತ್ತದೆ. ಉದ್ದವಾದ ಹಗ್ಗದ ಇನ್ನೊಂದು ಹೆಸರು ತಾಳ್ಮೆ.

ಲಂಗರಿನ ವಿಷಯದಲ್ಲಿ ಪವಿತ್ರ ಗ್ರಂಥದ ಅತ್ಯಂತ ವಿವರವಾದ ಪ್ರಸಂಗ ಪ್ರೇಷಿತರ ಕಾರ್ಯಕಲಾಪಗಳ 27ನೆಯ ಅಧ್ಯಾಯದಲ್ಲಿದೆ. ಸೆರೆಯಾಳಾದ ಪೌಲನನ್ನು ರೋಮಿಗೆ ಒಯ್ಯುತ್ತಿದ್ದ ಹಡಗು ಬಿರುಗಾಳಿಗೆ ಸಿಕ್ಕಿ ಹದಿನಾಲ್ಕನೆಯ ರಾತ್ರಿ ನೆಲದ ಸಮೀಪಕ್ಕೆ ಬರುತ್ತದೆ. ಬಂಡೆಗೆ ಬಡಿದೀತೆಂಬ ಭಯದಿಂದ ನಾವಿಕರು ಹಿಂಭಾಗದಿಂದ ನಾಲ್ಕು ಲಂಗರುಗಳನ್ನು ಇಳಿಸಿ ಬೆಳಗಾಗುವುದನ್ನೇ ಹಾರೈಸುತ್ತಾರೆ. ಸಣ್ಣ ದೋಣಿಯ ನಿಯಮಕ್ಕೆ ಇದು ವ್ಯತಿರಿಕ್ತ. ಆದರೆ ಆ ದೊಡ್ಡ ಹಡಗಿನ ಮುಖ ದಡದತ್ತಲೇ ಇರಲು ಅದರಿಂದ ಸಾಧ್ಯವಾಯಿತು. ಯಾವ ಕಡೆಯಿಂದ ಇಳಿಸಬೇಕೆಂಬುದನ್ನು ಸಂದರ್ಭವನ್ನು ಅರಿತ ವಿವೇಕ ನಿರ್ಧರಿಸುತ್ತದೆ, ಬರಿಯ ರೂಢಿಯಲ್ಲ.

ಮುಂದಿನ ಘಟನೆ ಇನ್ನೂ ಗಂಭೀರವಾದದ್ದು. ಅದೇ ನಾವಿಕರು ಮುಂಭಾಗದಿಂದಲೂ ಲಂಗರು ಇಳಿಸುವ ನೆಪದಲ್ಲಿ ಸಣ್ಣ ದೋಣಿಯನ್ನು ನೀರಿಗೆ ಬಿಡುತ್ತಾರೆ. ಅವರ ಉದ್ದೇಶ ಪಾರಾಗುವುದು. ಹಡಗಿನಲ್ಲಿದ್ದವರನ್ನು ಕೈಬಿಟ್ಟು ತಾವು ತಪ್ಪಿಸಿಕೊಳ್ಳುವುದಕ್ಕೆ ಅವರು ಬಳಸಿದ್ದು ಲಂಗರಿನ ಹೆಸರನ್ನೇ! ಪೌಲ ಅದನ್ನು ಗುರುತಿಸಿ ಶತಾಧಿಪತಿಗೆ ತಿಳಿಸುತ್ತಾನೆ, ಸೈನಿಕರು ದೋಣಿಯ ಹಗ್ಗಗಳನ್ನು ಕತ್ತರಿಸುತ್ತಾರೆ. ಓದುಗರೇ, ನಿಷ್ಠೆಯ ನೆಪದಲ್ಲಿ ಮನುಷ್ಯರನ್ನು ಕೈಬಿಡುವುದು ಆ ಒಂದು ರಾತ್ರಿಯ ಕಥೆ ಮಾತ್ರವೇ? ಬೇರೆ ಸಮುದಾಯದವನನ್ನು ಮದುವೆಯಾದಳೆಂದು ಮಗಳ ಹೆಸರನ್ನೇ ಎತ್ತದ ಮನೆಗಳು ನಮ್ಮಲ್ಲಿಲ್ಲವೇ? ಕುಡಿತಕ್ಕೆ ಬಿದ್ದ ತಮ್ಮನನ್ನು ‘ನಮ್ಮ ಮನೆಯ ಮರ್ಯಾದೆ’ ಎಂಬ ಕಾರಣಕ್ಕೆ ಹೊಸ್ತಿಲಾಚೆ ನಿಲ್ಲಿಸಿದವರಿಲ್ಲವೇ? ಅಲ್ಲಿ ನಾವು ಲಂಗರು ಇಳಿಸುತ್ತಿದ್ದೇವೆಯೇ, ಅಥವಾ ದೋಣಿ ಇಳಿಸುತ್ತಿದ್ದೇವೆಯೇ? ಈ ಪ್ರಶ್ನೆಗೆ ಉತ್ತರವನ್ನು ಪ್ರತಿಯೊಬ್ಬರೂ ತಮ್ಮ ಅಂತಃಸಾಕ್ಷಿಯಲ್ಲಿಯೇ ಕಂಡುಕೊಳ್ಳಬೇಕು. ಆದರೆ ಒಂದು ಗುರುತನ್ನು ಆ ಪ್ರಸಂಗವೇ ಕೊಡುತ್ತದೆ: ನಿಜವಾದ ಲಂಗರು ಹಡಗಿನಲ್ಲಿರುವ ಎಲ್ಲರನ್ನೂ ಹಿಡಿಯುತ್ತದೆ. ಇಳಿಸಿದವರಿಗೆ ಮಾತ್ರ ಅನುಕೂಲವಾಗುವುದು ಲಂಗರಲ್ಲ.

ಬೆಳಗಾದಾಗ ಅವರು ಆ ನಾಲ್ಕೂ ಲಂಗರುಗಳನ್ನು ಕತ್ತರಿಸಿ ಸಮುದ್ರದಲ್ಲಿಯೇ ಬಿಟ್ಟು, ಹಡಗನ್ನು ದಡಕ್ಕೆ ನಡೆಸಿದರು. ಹಡಗು ಒಡೆಯಿತು. ಅದರಲ್ಲಿದ್ದ 276 ಮಂದಿಯೂ ಮಾಲ್ಟಾ ದ್ವೀಪದ ದಡ ಸೇರಿದರು. ಇಂದಿಗೂ ಎಚ್ಚರವುಳ್ಳ ನಾವಿಕರು ಹಗ್ಗದ ಒಳತುದಿಯನ್ನು ದೋಣಿಗೆ ಕಟ್ಟುವಾಗ, ತೀರ ಅನಿವಾರ್ಯವಾದರೆ ಚಾಕುವಿನಿಂದ ಕತ್ತರಿಸಲು ಸಾಧ್ಯವಾಗುವಂತೆಯೇ ಕಟ್ಟುತ್ತಾರೆ. ಇದು ನಿಷ್ಠೆಯ ಶಿಥಿಲತೆಯೆಂದು ತಿಳಿಯಬೇಡಿ. ಲಂಗರು ಇರುವುದು ಜೀವಗಳಿಗಾಗಿ, ಜೀವಗಳು ಲಂಗರಿಗಾಗಿ ಅಲ್ಲ ಎಂಬ ತಿಳುವಳಿಕೆ ಅದು. ಸತ್ಯವನ್ನೂ ಪ್ರೀತಿಯನ್ನೂ ಕತ್ತರಿಸಿ ಎಸೆಯುವ ಪ್ರಮೇಯ ಎಂದಿಗೂ ಬಾರದು. ಆದರೆ ಅವುಗಳಿಗೆ ನಾವು ಕೊಟ್ಟ ಕಬ್ಬಿಣದ ರೂಪ, ಅಂದರೆ ಒಂದು ಪದ್ಧತಿ, ಒಂದು ಹಟ, ಒಂದು ಮನೆತನದ ಹೆಮ್ಮೆ, ಜೀವವೊಂದನ್ನು ಉಳಿಸುವುದಕ್ಕಾಗಿ ಸಮುದ್ರದ ಪಾಲಾದರೆ ನಷ್ಟವೇನು?

ಆದ್ದರಿಂದ ಈ ವಾರ ಒಂದು ಸಂಜೆ, ಕುಟುಂಬ ಪ್ರಾರ್ಥನೆ ಮುಗಿದ ಮೇಲೆ, ಹತ್ತು ನಿಮಿಷ ಒಟ್ಟಿಗೆ ಕುಳಿತು ಒಬ್ಬರನ್ನೊಬ್ಬರು ಕೇಳಿ: ನನ್ನ ಯಾವ ನಿಷ್ಠೆ ಈ ಮನೆಯಲ್ಲಿ ತೂಗಾಡಿ ನಿಮಗೆ ಪೆಟ್ಟು ಕೊಡುತ್ತಿದೆ? ಯಾವುದು ತುಕ್ಕು ಹಿಡಿದು ಬಿಚ್ಚಲಾರದಂತಾಗಿದೆ? ಯಾವುದರ ಒಳತುದಿಯನ್ನು ಇನ್ನೂ ಕಟ್ಟಬೇಕಾಗಿದೆ? ಹಿರಿಯರು ಮೊದಲು ಕೇಳಲಿ, ಕಿರಿಯರು ಭಯವಿಲ್ಲದೆ ಉತ್ತರಿಸಲಿ. ಉತ್ತರ ಕಹಿಯಾಗಿದ್ದರೂ ಆ ರಾತ್ರಿ ಮಾತನ್ನು ಹಿಂದಿರುಗಿಸಬೇಡಿ, ಕೇಳಿಸಿಕೊಳ್ಳಿ. ಗಂಟನ್ನು ಬಿಗಿಯುವುದಾಗಲಿ ಸಡಿಲಿಸುವುದಾಗಲಿ, ಗಾಳಿ ಶಾಂತವಾಗಿರುವಾಗಲೇ ಮಾಡಬೇಕಾದ ಕೆಲಸ.